ದಾರ ಕಾಯುವ ಕೆಲಸ

ಗಣಿಯ ಕೆಲಸಕ್ಕೆ ಬಾರದ ಮಣ್ಣನ್ನು ಸುರಿದು ಸುರಿದೇ ಎದ್ದ ಗುಡ್ಡವದು. ಅದರ ನೆತ್ತಿಯ ಮೇಲೆ ಯಾವ ಟಿಪ್ಪರ್ ಎಲ್ಲಿ ಸುರಿಯಬೇಕೆಂದು ಹೇಳುವವನು ಮುದುಕ ಹೊನ್ನೂರಪ್ಪ. ಅವನ ಸಹಿ ಇಲ್ಲದೆ ಹೊಸ ಡ್ರೈವರ್ ಯಾರೂ ಅಲ್ಲಿ ಒಬ್ಬನೇ ಗಾಡಿ ಓಡಿಸುವಂತಿಲ್ಲ.

ಎರ್ರಿಸ್ವಾಮಿ ಎರಡು ತಿಂಗಳಿಂದ ಆ ಸಹಿಗಾಗಿ ಅವನ ಬೆನ್ನು ಬಿದ್ದಿದ್ದ. ಕಾಗದ ಜೇಬಿನಲ್ಲೇ ಮಾಸಿಹೋಗಿತ್ತು.

ಮಳೆಯ ಮರುದಿನ ಬೆಳಿಗ್ಗೆ ಗುಡ್ಡದ ಅಂಚಿನಲ್ಲಿ ಸಣ್ಣದೊಂದು ಬಿರುಕು ಕಂಡಿತು. ಹೊನ್ನೂರಪ್ಪ ಆ ಕಡೆಯ ದಾರಿಗೆ ಸಾಲಾಗಿ ಕಲ್ಲಿಟ್ಟ. ಬಿರುಕಿನ ಆಚೆಗೊಂದು ಈಚೆಗೊಂದು ಗೂಟ ಹೊಡೆದು, ನಡುವೆ ದಾರ ಬಿಗಿದು ಕಟ್ಟಿದ.

"ಇದನ್ನ ನೋಡ್ಕಂತ ಕುಂದ್ರು," ಎಂದ.

"ಎಷ್ಟೊತ್ತು ತಾತ?"

"ಅದು ಹೇಳೋ ತನಕ."

ದಾರ ಏನು ಹೇಳೀತು? ಎರ್ರಿಸ್ವಾಮಿ ಕೂತ, ಎದ್ದ, ಮತ್ತೆ ಕೂತ. ತನ್ನ ಜೊತೆ ಕೆಲಸಕ್ಕೆ ಸೇರಿದವರೆಲ್ಲ ಆಗಲೇ ನಾಲ್ಕನೇ ಟ್ರಿಪ್ಪಿನಲ್ಲಿದ್ದರು. ಅವನಿಗೆ ಮೈಯೆಲ್ಲ ಉರಿಯಿತು.

ಮುದುಕ ಆಚೆ ತುದಿಗೆ ಹೋದದ್ದೇ ತಡ, ಗೆಳೆಯ ಗಾದಿಲಿಂಗ ಟಿಪ್ಪರ್ ತಂದು ನಿಲ್ಲಿಸಿದ.

"ಆ ಕಡೆ ಭಾಳ ಸಾಲು ಐತಲೇ. ಕಲ್ಲು ಸರಿಸು, ಇಲ್ಲೇ ಸುರುದು ಹೋಗ್ತೀನಿ."

ಎರ್ರಿಸ್ವಾಮಿ ದಾರ ನೋಡಿದ. ಹೇಗಿತ್ತೋ ಹಾಗೇ ಇತ್ತು. ಕಲ್ಲು ಸರಿಸಿದ.

ಅಂಚಿನ ಮಣ್ಣಿನ ಕಟ್ಟೆಗೆ ಹಿಂದಿನ ಗಾಲಿ ತಾಗುವವರೆಗೂ ರಿವರ್ಸ್ ಬರುವುದು ಅಲ್ಲಿನ ಡ್ರೈವರುಗಳ ರೂಢಿ. ಗಾದಿಲಿಂಗನೂ ಹಾಗೇ ಬಂದ. ಗಾಲಿ ಬಿರುಕಿಗೆ ಇನ್ನೂ ಎರಡು ಮಾರು ದೂರವಿತ್ತು. ಬಿರುಕು ಅಗಲವಾಗಿ ದಾರ ಪಟ್ಟನೆ ಹರಿಯಿತು.

ಎರ್ರಿಸ್ವಾಮಿ ಓಡಿಹೋಗಿ ಕ್ಯಾಬಿನ್ನಿನ ಬಾಗಿಲು ಗುದ್ದಿದ.

"ಮುಂದಕ್ಕೆ ತಗಿ! ಮುಂದಕ್ಕೆ!"

ಟಿಪ್ಪರ್ ಗುರುಗುಟ್ಟುತ್ತ ಮುಂದೆ ಬಂತು. ಅದರ ಹಿಂದೆ ಕಟ್ಟೆ, ಆಚೆಯ ಗೂಟ, ಅಂಚು ಎಲ್ಲ ಒಟ್ಟಿಗೇ ಕೆಳಗೆ ಜಾರಿ ಹೋದವು.

ಹೊನ್ನೂರಪ್ಪ ಏದುಸಿರು ಬಿಡುತ್ತ ಬಂದಾಗ ಎರ್ರಿಸ್ವಾಮಿ ಸರಿಸಿದ ಕಲ್ಲುಗಳನ್ನು ಮತ್ತೆ ದಾರಿಗೆ ಅಡ್ಡ ಇಡುತ್ತಿದ್ದ.

"ಕಲ್ಲು ಸರಿಸಿದೋನು ನಾನೇ ತಾತ. ಗಾದಿಲಿಂಗನ ಜೀವ ತೆಗೀತಿದ್ದೆ. ನನಗೆ ಈ ಗಾಡಿ ಸಾವಾಸ ಬ್ಯಾಡ."

ಜೇಬಿನ ಕಾಗದ ತೆಗೆದು ಹರಿಯಲು ಹೋದ. ಮುದುಕ ಅದನ್ನು ಕಸಿದುಕೊಂಡ. ಮೊಣಕಾಲ ಮೇಲಿಟ್ಟು ಸಹಿ ಹಾಕಿ, ಮತ್ತೆ ಅವನ ಜೇಬಿಗೇ ತುರುಕಿದ.

"ಯಾಕೆ ತಾತ? ನೋಡು, ಕೈ ಹೆಂಗ ನಡುಗ್ತಾವ."

"ನಡುಕ ನಿಂತ ದಿನ ಬಂದು ಹೇಳು. ಸಹಿ ವಾಪಸ್ ತಗಂತೀನಿ."