ತಣ್ಣೊಲೆ ಗುಡ್ಡ

ನನ್ನ ಹಳೆಯ ದಿನಚರಿಯಲ್ಲಿ ೧೯೬೮ರ ಫೆಬ್ರವರಿ ೧೧ರ ಪುಟ ಹೀಗಿದೆ: ‘ತಣ್ಣೊಲೆ ಗುಡ್ಡ ಹತ್ತಿದೆ. ಬಂಡೆಯ ಮರೆಯಲ್ಲಿ ಮೂರು ಒಲೆಗಲ್ಲು. ಅಲ್ಲಿ ಎಂದೂ ಬೆಂಕಿ ಹಚ್ಚಿಲ್ಲವಂತೆ.’ ಕಾರವಾರದಿಂದ ಉತ್ತರಕ್ಕೆ ಹೋಗಿ ಗೋವೆಯ ಗಡಿ ದಾಟಿದೊಡನೆ ಕಡಲ ಕಡೆಗೆ ಕಾಣುವ ಬೋಳು ಗುಡ್ಡ ಅದು. ಕೆಳಗಿನ ತೆಂಗಿನ ತೋಟ ಒಂದು ಕಾಲಕ್ಕೆ ಶಾಬಾ ದೇಸಾಯಿ ಎಂಬ ಜಮೀನುದಾರನದು.

ಹಿಂದೆ, ಪೋರ್ಚುಗೀಸರ ಆಳ್ವಿಕೆಯಲ್ಲಿ, ಆ ತೋಟದೊಳಗೆ ಗುಡಿಸಲು ಕಟ್ಟಿಕೊಂಡವರನ್ನು ಸರಕಾರಿ ಕಾಗದದಲ್ಲಿ ‘ಮುಂಡಕಾರ’ ಎಂದು ಬರೆಯುತ್ತಿದ್ದರು. ಧಣಿಯ ನೆಲದಲ್ಲಿ ವಾಸ, ಅದಕ್ಕೆ ಬದಲಾಗಿ ಧಣಿಯ ತೋಟದ ಕಾವಲು, ಚಾಕರಿ. ಯಾವ ಗುಡಿಸಲಲ್ಲಿ ಒಲೆ ಉರಿಯುತ್ತದೋ ಅಲ್ಲಿಂದ ಒಂದು ಆಳು ಬರಲೇಬೇಕೆಂಬುದು ದೇಸಾಯಿಯ ಕಟ್ಟಳೆ. ಶೆವಂತಿ ಎಂಬ ವಿಧವೆಯ ಬಲಗೈ ತೆಂಗಿನ ಮಡಲು ಬಿದ್ದು ಊನವಾಗಿದ್ದರಿಂದ ಮಗಳು ಮೋಗಿ ದುಡಿಯುತ್ತಿದ್ದಳು. ಗಡಿಯಾಚೆಯ ಮಾಜಾಳಿಯಿಂದ ಮೋಗಿಗೆ ಸಂಬಂಧ ಕೂಡಿಬಂದಾಗ ದೇಸಾಯಿ ಬಿಡಲೊಪ್ಪಲಿಲ್ಲ. ಬೇಕಿದ್ದರೆ ಅಳಿಯನೇ ಇಲ್ಲಿಗೆ ಬಂದು ಕಾಯಿ ಹೊರಲಿ ಎಂದು ನಕ್ಕನಂತೆ. ಮರುದಿನ ಬೆಳಿಗ್ಗೆ ಶೆವಂತಿ ಒಲೆಗೆ ನೀರು ಸುರಿದಳು, ಮೀನು ಹೊರುವ ಹೆಂಗಸರ ಜೊತೆ ಮಗಳನ್ನು ಗಡಿ ದಾಟಿಸಿದಳು, ಆಮೇಲೆ ತಾನೇ ಹೋಗಿ ದೇಸಾಯಿಯ ಅಂಗಳದಲ್ಲಿ ನಿಂತಳು ಎನ್ನುತ್ತಾರೆ.

“ನನ್ನ ಮನೆಯಲ್ಲಿ ಒಲೆ ಉರಿಯುವುದಿಲ್ಲ ಧಣಿ, ಆಳು ಕೇಳಬೇಡಿ.”

“ಒಲೆ ಇಲ್ಲದವಳಿಗೆ ಸೂರು ಯಾತಕ್ಕೇ, ಶೆವಂತಿ?”

ಅಂದೇ ಮಡಲಿನ ಮಾಡು ಕಿತ್ತರು. ಒಲೆಗಲ್ಲನ್ನು ಪರರಿಗೆ ಬಿಡಬಾರದೆಂದು ಅವಳು ಮೂರನ್ನೂ ಒಂದೊಂದಾಗಿ ಗುಡ್ಡಕ್ಕೆ ಹೊತ್ತಳು. ಗುಡ್ಡ ದೇಸಾಯಿಯದಲ್ಲ, ಊರೊಟ್ಟಿನ ನೆಲ. ಅಲ್ಲಿ ಅಡಿಗೆ ಮಾಡಿಕೊಂಡರೆ ಮಗಳ ಮೇಲೆ ಯಾರ ಹಕ್ಕೂ ಬೀಳುತ್ತಿರಲಿಲ್ಲ. ಶೆವಂತಿಗೆ ಇದು ತಿಳಿಯದು. ಎಲ್ಲಿ ಉರಿ ಹಚ್ಚಿದರೂ ಮೋಗಿಯನ್ನು ಎಳೆದು ತರುತ್ತಾರೆಂದು ನಂಬಿ, ನೆನೆಸಿದ ಅಕ್ಕಿ, ಹಸಿ ಗೆಣಸು ತಿಂದು ದಿನ ತಳ್ಳಿದಳು. ತಿಳಿದಿದ್ದವನು ದೇಸಾಯಿಯ ಗುಮಾಸ್ತ, ಕಾಗದ ಓದಬಲ್ಲವನು. ಅವನು ನಮ್ಮ ಮುತ್ತಜ್ಜ. ದಿನವೂ ಗುಡ್ಡದ ಬುಡದಲ್ಲೇ ಹಾದುಹೋಗುತ್ತಿದ್ದ. ಯಾಕೆ ಹೇಳಲಿಲ್ಲವೆಂದು ಮುಪ್ಪಿನಲ್ಲಿ ಮನೆಯವರು ಕೇಳಿದ್ದಕ್ಕೆ, “ನನ್ನನ್ನು ಯಾರೂ ಕೇಳಲಿಲ್ಲವಲ್ಲ” ಎಂದನಂತೆ. ನಮ್ಮದು ದೊಡ್ಡ ಮನೆತನ; ಈ ಮಾತೂ ಅದರದೇ.

ಈಗ ಗುಡ್ಡ ಹತ್ತುವವರು ಆ ಬಂಡೆಯ ಮೇಲೆ ನಿಂತು ಕಡಲಿನ ಫೋಟೋ ತೆಗೆಯುತ್ತಾರೆ. ಶೆವಂತಿ ಆ ವರ್ಷದ ಆಷಾಢದಲ್ಲಿ ಅಲ್ಲೇ ಸತ್ತಳು. ಮೋಗಿಗೆ ಸುದ್ದಿ ಮುಟ್ಟಿದ್ದು ದೀಪಾವಳಿಗೆ. ತೋಟದ ಉಳಿದ ಒಂಬತ್ತು ಮನೆಗಳವರು ಮುಂದೆ ಎರಡು ತಲೆಮಾರು ಹೆಣ್ಣುಮಕ್ಕಳನ್ನು ಗಡಿಯಾಚೆ ಕೊಡಲಿಲ್ಲ.