ಘೋರಮಲ್ಲನನ್ನು ಕೊಲ್ಲಲಾರದ ಕವಿ

ವೇದಾವತಿಯ ದಂಡೆಯಲ್ಲಿ ಸೋವಿದೇವ ಗುರುಗಳ ಆಶ್ರಮ. ಅಲ್ಲಿ ಕಲಿಸುತ್ತಿದ್ದುದು ಒಂದೇ ವಿದ್ಯೆ, ಕಥೆ ಕಟ್ಟುವುದು.

ಶಿಷ್ಯರಲ್ಲಿ ಸಾಂತಯ್ಯನೆಂಬವನು ಬಲು ಸಾಧು. ಗಟ್ಟಿಯಾಗಿ ಕೆಮ್ಮಲೂ ಹಿಂಜರಿಯುವವನು. ಅಂಥವನು ಮೂರು ವರ್ಷ ಕೂತು ಒಂದು ಕಾವ್ಯ ಕಟ್ಟಿದ. ಅದರ ಖಳನಾಯಕ ಘೋರಮಲ್ಲ. ರೆಕ್ಕೆಯ ಹೆಬ್ಬಾವನ್ನೇರಿ ಬರುವವನು, ಒಡಹುಟ್ಟಿದ ಅಣ್ಣನನ್ನೇ ಕಲ್ಲಾಗಿಸಿ ಸಿಂಹಾಸನಕ್ಕೆ ಮೆಟ್ಟಿಲು ಮಾಡಿಕೊಂಡವನು, ಏಳು ಪಟ್ಟಣ ಸುಟ್ಟರೂ ಕಣ್ಣೆವೆ ಮಿಟುಕಿಸದವನು.

ದಿನಾ ಮಧ್ಯಾಹ್ನ ಊಟವಾದ ಮೇಲೆ ಸಾಂತಯ್ಯ ಓದುತ್ತಿದ್ದ, ಆಶ್ರಮವೆಲ್ಲ ಕೇಳುತ್ತಿತ್ತು. ಸತ್ಯವಂತ ರಾಜಕುಮಾರ ಬಂದರೆ ಆಕಳಿಕೆ. ಘೋರಮಲ್ಲ ಬಂದರೆ ಎಲ್ಲರ ಬೆನ್ನೂ ನೆಟ್ಟಗೆ.

ಒಂದು ದಿನ ಘೋರಮಲ್ಲ ಎಂಟನೆಯ ಪಟ್ಟಣದ ಬಾಗಿಲಿಗೆ ಬಂದ. ಅಲ್ಲಿಯ ಅರಸ ಓಡಿ ಬಂದು ಕಾಲಿಗೆ ಬಿದ್ದ. ಸಾಂತಯ್ಯ ಉಸಿರೆಳೆದುಕೊಳ್ಳಲು ಒಂದು ಗಳಿಗೆ ನಿಂತ.

"ಬಿಡಬೇಡ! ಸುಡು!" ಎಂದು ಹಿಂದಿನಿಂದ ಒಂದು ದನಿ.

ಎಲ್ಲರೂ ತಿರುಗಿದರು. ಕೂಗಿದವಳು ಅಡುಗೆಯ ತಿಪ್ಪವ್ವ. ಒಲೆಗೆ ಸೌದೆ ಇಡುವ ಮುಂಚೆ, ಇರುವೆ ಇದ್ದರೆ ಹೋಗಲಿ ಎಂದು ಕೊಡವಿ ಕೊಡವಿ ನೋಡುವ ಹೆಂಗಸು.

ಸಾಂತಯ್ಯ ಓದನ್ನು ಅಲ್ಲಿಗೇ ನಿಲ್ಲಿಸಿದ. ಓಲೆಗರಿಯ ಕಟ್ಟನ್ನು ಎತ್ತಿಕೊಂಡು ನೇರ ನದಿಗೆ ನಡೆದ. ಗುರುಗಳು ಮೊಣಕಾಲುದ್ದ ನೀರಿನಲ್ಲಿ ನಿಂತು ಪಂಚೆ ಒಗೆಯುತ್ತಿದ್ದರು.

"ಏನಯ್ಯ, ಕಾವ್ಯಕ್ಕೂ ಸ್ನಾನವೇ?"

"ಮುಳುಗಿಸಲು ತಂದೆ, ಗುರುಗಳೇ. ಒಳ್ಳೆಯವರ ಮನಸ್ಸು ಕೆಡಿಸಿಬಿಟ್ಟೆ. ತಿಪ್ಪವ್ವನ ಬಾಯಲ್ಲಿ 'ಸುಡು' ಅನ್ನುವ ಮಾತು ಬಂತು."

"ಯಾಕೆ ಬಂತಂತೆ?"

"ಕೇಳಲಿಲ್ಲ."

"ಕೇಳಿಕೊಂಡು ಬಂದು ಮುಳುಗಿಸು. ನದಿಗೇನೂ ಅವಸರವಿಲ್ಲ."

ಸಾಂತಯ್ಯ ಹಿಂದಿರುಗಿದ. ತಿಪ್ಪವ್ವ ಮೊರ ಹಿಡಿದು ಅಕ್ಕಿಯ ಕಲ್ಲು ಆರಿಸುತ್ತಿದ್ದಳು.

"ಅವ್ವಾ, ಆ ಪಾಪಿ ನಿನಗೆ ಯಾಕೆ ಅಷ್ಟು ಇಷ್ಟ?"

ತಿಪ್ಪವ್ವ ನಾಚಿದಳು. ಅತ್ತಿತ್ತ ನೋಡಿ ದನಿ ತಗ್ಗಿಸಿದಳು.

"ಅವ ಯಾರಿಗೂ 'ಆಗಲಿ' ಅನ್ನೋದಿಲ್ಲಪ್ಪ. ಹುಟ್ಟಿದಾಗಿನಿಂದ ನಾನು ಆಡಿದ್ದು ಅದೊಂದೇ ಮಾತು. ಅಪ್ಪನಿಗೆ 'ಆಗಲಿ', ಅತ್ತೆಗೆ 'ಆಗಲಿ', ಈಗ ನಿಮಗೆಲ್ಲ 'ಆಗಲಿ'. ಅವ 'ಆಗೋದಿಲ್ಲ' ಅಂದ ನೋಡು, ನನಗೆ ಕಟ್ಟಿದ ಮೂಗು ಬಿಟ್ಟಂಗೆ ಆಗ್ತದೆ."

"ಆದರೆ ಸುಡು ಅಂದೆಯಲ್ಲ!"

"ಅಂದೆ. ಅನ್ನೋಕೆ ಚೆಂದ ಇತ್ತು. ನಿಜವಾಗಿ ಹೊಗೆ ಬಂದಿದ್ದರೆ ಕೊಡ ಹಿಡಿದು ಮೊದಲು ಓಡೋಳು ನಾನೇ."

ಅಂದು ಸಾಂತಯ್ಯ ಕಾವ್ಯವನ್ನು ಮುಳುಗಿಸಲಿಲ್ಲ. ಸಮಾಧಾನವೂ ಆಗಲಿಲ್ಲ.

ಮಾರನೆಯ ಬೆಳಿಗ್ಗೆ ತಿಪ್ಪವ್ವ ಒರಳಿನ ಹತ್ತಿರ ಹೋಗಲೇ ಇಲ್ಲ. ಅಡುಗೆಮನೆಯ ಹೊಸ್ತಿಲ ಮೇಲೆ ಕೂತು, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

"ಇವತ್ತು ರುಬ್ಬೋದು ನನ್ನಿಂದ ಆಗೋದಿಲ್ಲ. ಭುಜ ನೋಯ್ತದೆ. ನಾಲ್ಕು ವರ್ಷದಿಂದ ನೋಯ್ತದೆ."

ಸೋವಿದೇವ ಗುರುಗಳು ಎದ್ದರು, ಪಂಚೆ ಎತ್ತಿ ಕಟ್ಟಿದರು, ಒರಳಿನ ಮುಂದೆ ಕೂತರು.

ಅಂದಿನ ಚಟ್ನಿಯಲ್ಲಿ ಕಾಯಿ ಒಂದು ಕಡೆ, ಶುಂಠಿ ಒಂದು ಕಡೆ. ತಿಪ್ಪವ್ವ ನಗುತ್ತ ನಗುತ್ತ ಎರಡು ಸಲ ಹಾಕಿಸಿಕೊಂಡಳು.

ಊಟ ಮುಗಿದ ಮೇಲೆ ಗುರು ಶಿಷ್ಯರಿಬ್ಬರೂ ಒರಳು ತೊಳೆಯಲು ಕೂತರು.

"ನೋಡಿದಿರಾ, ಗುರುಗಳೇ? ಎಲ್ಲ ನನ್ನ ಕಥೆಯ ಪರಿಣಾಮ."

"ನೋಡಿದೆ. ಎಷ್ಟು ಪಟ್ಟಣ ಸುಟ್ಟಳು?"

ಸಾಂತಯ್ಯನಿಗೆ ನಗು ತಡೆಯಲಾಗಲಿಲ್ಲ. "ಹಾಗಾದರೆ ಘೋರಮಲ್ಲ ಒಳ್ಳೆಯವನೇ?"

"ಅವನೇ ಇಲ್ಲಿಯ ಯಜಮಾನ ಅಂದುಕೋ. ತಿಪ್ಪವ್ವ ಬಂದು 'ಭುಜ ನೋಯ್ತದೆ' ಅಂದಳು. ಏನು ಮಾಡುತ್ತಿದ್ದ?"

ಸಾಂತಯ್ಯನಿಗೆ ಗೊತ್ತಿತ್ತು. ಬರೆದವನು ಅವನೇ ತಾನೆ. ನಗು ಅಲ್ಲಿಗೇ ಆರಿತು.

ಒರಳಿಗೆ ನೀರು ಸುರಿಯುತ್ತ, ಮನಸ್ಸಿನಲ್ಲಿದ್ದುದನ್ನು ಹೊರಹಾಕಿದ. "ಕೊನೆಯ ಸಂಧಿಯಲ್ಲಿ ಅವನು ಸಾಯಬೇಕು, ಗುರುಗಳೇ. ಅದು ನನಗೂ ಗೊತ್ತು. ಮೂರು ತಿಂಗಳಾಯಿತು, ಬರೆಯಲು ಕೂತರೆ ಕೈ ಏಳುವುದಿಲ್ಲ. ಕೇಳುವವರಿಗಿಂತ ನನಗೇ ಅವನು ಹೆಚ್ಚು ಬೇಕಾಗಿದ್ದಾನೆ."

"ನೀನು ಯಾರಿಗಯ್ಯ 'ಆಗಲಿ' ಅನ್ನುತ್ತೀಯ?"

ಸಾಂತಯ್ಯ ತಲೆ ತಗ್ಗಿಸಿದ. ಕಿವಿಗಳು ಕೆಂಪಾದವು.

"ನಿಮಗೆ."

"ಯಾವುದಕ್ಕೆ ಅಂದೆ?"

"ಎರಡನೆಯ ಸಂಧಿ ಕಿತ್ತುಹಾಕು ಅಂದಿರಿ. ಆಗಲಿ ಅಂದೆ. ಹಿತ್ತಿಲಿಗೆ ಹೋಗಿ ಅತ್ತೆ. ಅದು ಚೆನ್ನಾಗಿತ್ತು, ಗುರುಗಳೇ. ನೀವು... ನೀವು ಹೇಳಿದ್ದು ತಪ್ಪು."

ಹೇಳಿದವನೇ ಕಣ್ಣು ಮುಚ್ಚಿಕೊಂಡ. ಸಿಡಿಲು ಬೀಳುವುದೊಂದು ಬಾಕಿ ಎಂದು ಕಾದ. ಗುರುಗಳು ಒರಳು ಉಜ್ಜುತ್ತಲೇ ಇದ್ದರು.

"ಇನ್ನೊಮ್ಮೆ ಹೇಳು."

"ತಪ್ಪು." ಈ ಸಲ ದನಿ ನಡುಗಲಿಲ್ಲ. ಸಾಂತಯ್ಯ ಕಣ್ಣು ತೆರೆದ. "ಆ ಸಂಧಿಯನ್ನು ನಾನು ಮತ್ತೆ ಸೇರಿಸುತ್ತೇನೆ."

"ಸೇರಿಸು," ಎಂದು ಗುರುಗಳು ಒದ್ದೆ ಕೈಯನ್ನು ಶಿಷ್ಯನ ಬೆನ್ನಿಗೇ ಒರೆಸಿ ನಕ್ಕರು. "ಇನ್ನು ಕೊನೆಯ ಸಂಧಿ ಬರೆದು ಘೋರಮಲ್ಲನನ್ನು ಕಳಿಸಿಕೊಡು. ಪಾಪ, ನಿಮ್ಮೆಲ್ಲರ ಪರವಾಗಿ ಕೂಗಿ ಕೂಗಿ ಅವನ ಗಂಟಲು ಒಣಗಿದೆ."