ನಗಾರಿಯ ಮೇಲೆ ಹುರುಳಿ

ಕಥೆ ಹೇಳಿ ಅಭ್ಯಾಸವಿಲ್ಲ. ಎಲ್ಲಾದರೂ ಎಡವಿದರೆ ಓದುವವರು ಕ್ಷಮಿಸಬೇಕು.

ಒಂದು ಸಾಮ್ರಾಜ್ಯದ ಸೇನೆಗೆ ಹಡಗಿನಲ್ಲಿ ನೂರು ಹೊಸ ಕುದುರೆಗಳು ಬಂದವು. ನಲವತ್ತು ದಿನದಲ್ಲಿ ಅವನ್ನು ಯುದ್ಧಕ್ಕೆ ಪಳಗಿಸಬೇಕೆಂದು ಸವಾರರ ನಾಯಕ ಕೇತಯ್ಯನಿಗೆ ಅಪ್ಪಣೆಯಾಯಿತು. ಪಳಗದಿದ್ದರೆ ಅವನ ನೂರು ಸವಾರರೂ ಶತ್ರುವಿನ ಕುದುರೆಗಳೆದುರು ನೆಲದ ಮೇಲೆ ನಿಂತು ಕಾದಾಡಬೇಕಿತ್ತು. ಅಂದರೆ, ಸಾಯಬೇಕಿತ್ತು.

ಕುದುರೆಗಳು ಕತ್ತಿಗೆ ಒಗ್ಗಿದವು, ಆನೆಗೆ ಒಗ್ಗಿದವು. ನಗಾರಿಗೆ ಮಾತ್ರ ಒಗ್ಗಲಿಲ್ಲ. ನಗಾರಿ ಎಂದರೆ ಯುದ್ಧದಲ್ಲಿ ಎದುರಾಳಿಯ ಎದೆ ನಡುಗಿಸಲು ಬಡಿಯುವ ಭಾರಿ ವಾದ್ಯ. ಅದು ಮೊಳಗಿದರೆ ಸಾಕು, ಕುದುರೆಗಳು ಸವಾರರನ್ನು ಕೆಡವಿ ಓಡುತ್ತಿದ್ದವು.

ಕೇತಯ್ಯ ಅವುಗಳ ಕಿವಿಗೆ ಹತ್ತಿ ತುರುಕಿ, ಮೇಲೆ ತೊಗಲಿನ ಟೊಪ್ಪಿಗೆ ಹೊಲಿಸಿದ. ನಗಾರಿ ಕೇಳಲಿಲ್ಲ. ಸವಾರರ ಮಾತೂ ಕೇಳಲಿಲ್ಲ. ಇಪ್ಪತ್ತು ಕುದುರೆಗಳು ಸವಾರರ ಸಮೇತ ಸಾಲಾಗಿ ಹೋಗಿ ಕೆರೆಗಿಳಿದವು.

ತನಗೆ ಸವಾರಿ ಕಲಿಸಿದ ಬೊಪ್ಪಗುರುಗಳ ಬಳಿಗೆ ಅವನು ಓಡಿದ.

“ಟೊಪ್ಪಿಗೆ ಚೆನ್ನಾಗಿದೆ,” ಎಂದರು ಗುರುಗಳು. “ಸವಾರರಿಗೆ ಈಜು ಕಲಿಸಿದ್ದೀಯೋ?”

ಮರುದಿನ ಬಂದು, ನಗಾರಿಯ ಚರ್ಮದ ಮೇಲೆ ಬೇಯಿಸಿದ ಹುರುಳಿ ಸುರಿದರು. ಕುದುರೆಗಳು ತಿನ್ನುವಾಗ ಬೆರಳಿನಿಂದ ಮೆಲ್ಲಗೆ ತಟ್ಟಿದರು. ಆಮೇಲೆ ಅಂಗೈಯಿಂದ. ಕೆಲವು ದಿನಗಳ ನಂತರ ಕೋಲಿನಿಂದ. ಕೊನೆಗೆ, ನಗಾರಿ ಮೊಳಗದೆ ಹುರುಳಿಯೇ ಇಲ್ಲ ಎಂದಾಯಿತು.

“ಗುರುಗಳೇ, ಯುದ್ಧದ ಕುದುರೆಗಳನ್ನು ಹೊಟ್ಟೆಬಾಕರನ್ನಾಗಿ ಮಾಡುತ್ತಿದ್ದೀರಿ!” ಎಂದ ಕೇತಯ್ಯ.

“ಚಿಕ್ಕಂದಿನಲ್ಲಿ ನೀನು ನಮ್ಮ ಮನೆಗೆ ಓಡಿ ಬರುತ್ತಿದ್ದುದು ಪಾಠಕ್ಕೋ, ಕಡುಬಿಗೋ?”

ಕೇತಯ್ಯ ಹುರುಳಿಯ ಮತ್ತೊಂದು ಮೂಟೆ ಬಿಚ್ಚಿದ.

ಯುದ್ಧದ ಬೆಳಿಗ್ಗೆ ಗುರುಗಳು ಕುದುರೆಗಳಿಗೆ ಏನೂ ಹಾಕಗೊಡಲಿಲ್ಲ.

ಎದುರಿನಲ್ಲಿ ಶತ್ರುವಿನ ಐವತ್ತು ನಗಾರಿಗಳು ಒಟ್ಟಿಗೆ ಮೊಳಗಿದವು. ಹೊಸ ಕುದುರೆಗಳು ಚೆಲ್ಲಾಪಿಲ್ಲಿಯಾಗುತ್ತವೆ ಎಂದು ಅವರ ಲೆಕ್ಕ.

ನೂರು ಕುದುರೆಗಳೂ ಕಿವಿ ನಿಮಿರಿಸಿದವು. ನೂರೂ ಓಡಿದವು, ನಗಾರಿಯ ಕಡೆಗೆ. ಸವಾರರು ಈಟಿ ಚಾಚಿ ಹಿಡಿದರೆ ಸಾಕಾಗಿತ್ತು. ಮೊದಲು ನಗಾರಿಯವರು ಓಡಿದರು, ಅವರ ಹಿಂದೆ ಶತ್ರುವಿನ ಇಡೀ ಸೇನೆ.

ಕೇತಯ್ಯ ತನ್ನವರನ್ನು ಎಣಿಸಿದ. ನೂರು ಜನರೂ ಇದ್ದರು. ಅವನು ಗುರುಗಳ ಕಾಲಿಗೆ ಬಿದ್ದ.

“ಅವುಗಳ ಭಯ ಹೇಗೆ ಬಿಡಿಸಿದಿರಿ?”

“ಬಿಡಿಸಲಿಲ್ಲ, ಕೇತ. ಭಯ ಎನ್ನುವುದು ಏನೆಂದರೆ...”

“ಗುರುಗಳೇ, ಬೇಗ ಬನ್ನಿ!” ಸವಾರನೊಬ್ಬ ಕೂಗಿದ. “ಕುದುರೆಗಳು ಶತ್ರುವಿನ ನಗಾರಿ ಬಿಟ್ಟು ಕದಲುತ್ತಿಲ್ಲ!”

ಗುರುಗಳು ಮಾತು ಅಲ್ಲಿಗೇ ಬಿಟ್ಟು ಎದ್ದರು.

“ಕರೆದವರು ಬಡಿಸದೆ ಓಡಿಹೋದರು. ಇನ್ನು ನಾವೇ ಬಡಿಸಬೇಕು. ಹುರುಳಿ ಮೂಟೆ ಹೊತ್ತುಕೋ, ನಡಿ.”